ಎತ್ತಿಗೆ ಸೋಮವಾರ ರಜೆ

ಗಾಣದವ್ವನ ಬಲ ಅಂಗೈ ಯಾವಾಗಲೂ ಎಣ್ಣೆಯಿಂದ ಮಿರಮಿರ ಮಿಂಚುತ್ತಿತ್ತು. ಮಾತು ಮುಗಿದೊಡನೆ ಆ ಕೈಯನ್ನು ಎದುರಿಗಿದ್ದವರ ನೆತ್ತಿಗೆ ತಿಕ್ಕಿಬಿಡುವಳು. ಸಾಹುಕಾರನಾಗಲಿ, ಪೊಲೀಸನಾಗಲಿ, ಬಿಡುತ್ತಿರಲಿಲ್ಲ! ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಒಂದು ಗಾಣ, ಒಂದು ಎತ್ತು, ಇಷ್ಟೇ ಅವಳ ಕಾರಖಾನೆ. ಕುಸುಬಿ ಒಯ್ದು ಕೊಟ್ಟರೆ ಎಣ್ಣೆ ನಮಗೆ, ಹಿಂಡಿ ಅವಳಿಗೆ. ಆ ಹಿಂಡಿಯಲ್ಲೂ ಮೊದಲ ಪಾಲು ಎತ್ತಿನದು. ಸೋಮವಾರ ಬಸವಣ್ಣನ ವಾರವೆಂದು ಅದರ ಹೆಗಲಿಗೆ ನೊಗ ತಾಕಿಸುತ್ತಿರಲಿಲ್ಲ.

ಇದು ಗೊತ್ತಿದ್ದೂ ನಾನು ಎಡವಟ್ಟು ಮಾಡಿಕೊಂಡೆ. ಮಂಗಳವಾರ ತಂಗಿಯ ಮದುವೆ. ಶನಿವಾರವೇ ಒಯ್ಯಬೇಕಾಗಿದ್ದ ಅರ್ಧ ಚೀಲ ಕುಸುಬಿಯನ್ನು ಹಂದರದ ಗದ್ದಲದಲ್ಲಿ ಮರೆತು, ಸೋಮವಾರ ಬೆಳಿಗ್ಗೆ ಹೊತ್ತುಕೊಂಡು ಓಡಿದೆ. ಗಾಣದವ್ವನ ಎಣ್ಣೆಯಲ್ಲೇ ಅಡುಗೆ ಎಂದು ಅಪ್ಪ ಬೀಗರಿಗೆ ಮಾತು ಕೊಟ್ಟಾಗಿತ್ತು. ಅಪ್ಪನ ಮರ್ಯಾದೆ ನನ್ನ ಕೈಯಲ್ಲಿತ್ತು.

“ಇವತ್ತೊಂದು ದಿನ ಎತ್ತು ಹೂಡ್ರಿ ಅವ್ವಾ, ಕೈ ಮುಗೀತೇನಿ.”

“ಆಗೂದಿಲ್ಲ ತಮ್ಮಾ. ಆರು ದಿನ ದುಡದೈತಿ ಅದು.”

“ಹಂಗಾರ ಗಿರಣಿ ಎಣ್ಣಿ ತರತೇನಿ. ನಿಮ್ಮ ಗಾಣದ್ದಂತ ಒಂದು ಮಾತು ಹೇಳಿಬಿಡ್ರಿ.”

ಗಾಣದವ್ವ ಕೆಂಡಾಮಂಡಲವಾದಳು. “ಗಿರಣೀದು ಗಿರಣೀದಂತ ಹೇಳಿ ಬಡಸು. ಸುಳ್ಳಿಗೆ ನನ್ನ ಹೆಸರು ಯಾಕ?”

ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಗಾಣದ ತೊಲೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಎತ್ತಿಗೆ ರಜಾ ಐತಿ. ನಿನಗಿಲ್ಲಲ್ಲ! ಅಂಗಿ ಬಿಚ್ಚು.”

ಅಬ್ಬಾ, ಆ ದಿನ! ಮುಂದೆ ನಾನು, ಹಿಂದೆ ಸೆರಗು ಬಿಗಿದ ಗಾಣದವ್ವ. ಹತ್ತು ಸುತ್ತಿಗೇ ನನಗೆ ಏದುಸಿರು. ಓಣಿಗೆ ಓಣಿಯೇ ನೆರೆಯಿತು. ದರ್ಜಿ ಕಾಕಾ “ಮೂಗದಾಣ ಎಲ್ಲೈತೋ?” ಎಂದು ಕಿಚಾಯಿಸಿ, ನಕ್ಕು ನಕ್ಕು ಸಾಕಾಗಿ ತಾನೂ ಹೆಗಲು ಕೊಟ್ಟ. ನೇಕಾರರು ಬಂದರು. ಅಪ್ಪ ರುಮಾಲು ಕಳಚಿಟ್ಟು ಬಂದರು. ಎತ್ತು ಮಾತ್ರ ಗೋದಲಿಯ ಮುಂದೆ ಮಲಗಿ, ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿತ್ತು. ಸಂಜೆಗೆ ಕೊಡ ತುಂಬಿತು! ನಾವೆಲ್ಲ ಹೋ ಎಂದು ಕೂಗಿದೆವು. ಗಾಣದವ್ವ ಎಣ್ಣೆಗೈಯನ್ನು ನನ್ನ ಬೊಬ್ಬೆ ಎದ್ದ ಹೆಗಲಿಗೆ ತಿಕ್ಕಿ, “ಈಗ ತಿಳೀತೇನು?” ಎಂದಳು.

ಅವಳು ತೀರಿಕೊಂಡು ಬಹಳ ವರ್ಷಗಳಾದವು. ಆಮೇಲೆ ನಾನು ಬೆಂಗೇರಿಯಲ್ಲಿ ಹಿಟ್ಟಿನ ಗಿರಣಿ ಹಾಕಿದೆ. ಸೋಮವಾರ ಬಾಗಿಲು ಮುಚ್ಚುತ್ತೇನೆ, ಆಳುಗಳ ಪಗಾರ ಮುರಿಯುವುದಿಲ್ಲ.

“ಇಂಜಿನ್ನಿಗೆಂಥಾ ರಜಾರಿ, ಅದೇನು ಎತ್ತೇನು?” ಎಂದು ಗಿರಾಕಿಗಳು ನಗುತ್ತಾರೆ.

“ಇಂಜಿನ್ನಿಗಲ್ಲರಿ,” ಎಂದು ನಾನು ಚೀಲ ಹೊರುವ ಹಮಾಲನ ಹೆಗಲು ತೋರಿಸುತ್ತೇನೆ.