ಎರಡು ಸಲ ಹಿಗ್ಗಿದ ಬ್ರಾಕೆಟ್

ಇಂಜಿನಿಯರಿಂಗಿನ ಕೊನೆಯ ವರ್ಷ ನಾನು ಒಂದೂವರೆ ತಿಂಗಳು ಗೋಕಾಕದಿಂದ ದಿನಾ ಬಸ್ಸು ಹಿಡಿದು ಯಮಕನಮರಡಿ ಹತ್ತಿರದ ಒಂದು ವರ್ಕ್‌ಶಾಪಿಗೆ ತರಬೇತಿಗೆಂದು ಹೋಗಿಬಂದೆ. ಅಲ್ಲಿ ವಿಮಾನದ ಬಿಡಿಭಾಗಗಳ ಮೊದಲ ಮಾದರಿ ತಯಾರಾಗುತ್ತಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಬರೆದುಕೊಟ್ಟರೆ ಹೊಸದಾಗಿ ಬಂದ ಯಂತ್ರವೊಂದು ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೂಡಿಸಿ ಅಚ್ಚು ಕಟ್ಟುತ್ತಿತ್ತು. ಆ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದು, ಆ ಜಾಗಕ್ಕೆ ಅಲ್ಯುಮಿನಿಯಂ ಎರಕ ಹೊಯ್ಯುವುದು. ನನ್ನ ಪಾಲಿಗೆ ಬಂದದ್ದು ಗೇಣುದ್ದದ ಒಂದು ಬ್ರಾಕೆಟ್. ಶನಿವಾರ ಬೆಂಗಳೂರಿನ ವಿಮಾನ ಕಂಪನಿಯವರು ನೋಡಲು ಬರುವ ಹೊತ್ತಿಗೆ ಅದು ಸರಿಯಾಗಿದ್ದರೆ ಮಾತ್ರ ಸರ್ಟಿಫಿಕೇಟಿಗೆ ಸಹಿ ಎಂದಿದ್ದರು ಮ್ಯಾನೇಜರ್. ಸರ್ಟಿಫಿಕೇಟ್ ಇಲ್ಲದವರನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ.

ಯಂತ್ರದಿಂದ ಬಂದ ಅಚ್ಚಿಗೆ ಪುಟ್ಟಿ ಹಚ್ಚಿ ನುಣುಪು ಮಾಡುತ್ತಿದ್ದವರು ಅಂಕಲಗಿಯ ಬಡಿಗ ಮೇಸ್ತ್ರಿ. ಮೂವತ್ತು ವರ್ಷ ಕಟ್ಟಿಗೆಯಲ್ಲಿ ಅಚ್ಚು ಕೆತ್ತಿದ ಕೈ. ನಾನು ಕಾಕಾ ಎನ್ನುತ್ತಿದ್ದೆ. ಕಾಯ್ದ ಲೋಹ ಆರುವಾಗ ಕುಗ್ಗುತ್ತದೆ, ಹಾಗಾಗಿ ಅಚ್ಚು ಅಳತೆಗಿಂತ ತುಸು ದೊಡ್ಡದಿರಬೇಕು. ನಾನು ಅಷ್ಟನ್ನು ಕಂಪ್ಯೂಟರಿನಲ್ಲೇ ಹಿಗ್ಗಿಸಿದ್ದೆ. ಕಾಕಾಗೆ ಮಾತ್ರ ಹೇಳಲಿಲ್ಲ. ಅಂಥವರಿಗೆ ನಾನೇನು ಪಾಠ ಹೇಳುವುದು ಎಂಬ ಸಂಕೋಚ. ಬೇರೆ ಯಾವ ವಿಷಯಕ್ಕೂ ಬಾಯಿ ಮುಚ್ಚಿದವಳಲ್ಲ ನಾನು.

ಶುಕ್ರವಾರ ಬೆಳಿಗ್ಗೆ ಮರಳು ಬಿಡಿಸಿ ಅಳೆದರೆ ಬ್ರಾಕೆಟ್ ಎಲ್ಲ ಕಡೆ ದಪ್ಪ. ಲೆಕ್ಕವನ್ನು ಮೂರು ಸಲ ನೋಡಿದೆ, ಸರಿಯಾಗಿಯೇ ಇತ್ತು.

“ಕಾಕಾ, ಪುಟ್ಟಿ ಎಷ್ಟ ಹಚ್ಚೀರಿ?”

ಅವರು ತಲೆ ಕೆರೆದುಕೊಂಡರು. “ಜರಾ ದಪ್ಪನ ಹಚ್ಚೇನಿ ತಂಗಿ. ಕುಗ್ಗೂದು ನೀ ಮರ್ತಿ ಅಂತ ತಿಳದೆ. ಸಾಹೇಬ್ರ ಮುಂದ ಆಡಿದ್ರ ನಿನ್ನ ಮಾನ ಹೋಗತೈತಿ ಅಂತ ಸುಮ್ನ ಇದ್ದೆ.”

“ನಾ ಮೊದಲ ಹಿಗ್ಗಿಸಿದ್ನಿರಿ.”

“ಮತ್ತ ಹೇಳಬಾರದೇನ?”

“ನಿಮಗ ಹೆಂಗ ಹೇಳೂದ್ರಿ?”

ಇಬ್ಬರ ಮರ್ಯಾದೆಯೂ ಸೇರಿ ಬ್ರಾಕೆಟ್ ಉಬ್ಬಿತ್ತು. ನನಗೆ ಅಳು ಬರುವಂತಾಗಿತ್ತು, ಕಾಕಾ ನಗುತ್ತಿದ್ದರು. “ಸಣ್ಣದಾಗಿದ್ರ ಅಳಬೇಕಿತ್ತು. ದೊಡ್ಡದಾದ್ದು ಕೈಯಾಗ ಐತಿ. ಕಾನಸ ತಗೊಂಡ ಬಾ, ತಿಕ್ಕೂಣು.”

ಸಂಜೆಯವರೆಗೆ ಎದುರುಬದುರು ಕುಳಿತು ಅರ ಹಿಡಿದು ತಿಕ್ಕಿದೆವು, ಅಳೆದೆವು, ಮತ್ತೆ ತಿಕ್ಕಿದೆವು. ಮಧ್ಯಾಹ್ನ ಅವರ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಇಬ್ಬರಿಗೂ ಸಾಕಾಯಿತು. ಬೆರಳಿನಲ್ಲಿ ಬೊಬ್ಬೆ ಎದ್ದಿದ್ದವು. ಆದರೂ ಆ ಒಂದೂವರೆ ತಿಂಗಳಲ್ಲಿ ನಾನು ಅಷ್ಟು ಖುಷಿಯಾಗಿದ್ದ ದಿನ ಇನ್ನೊಂದಿಲ್ಲ.

ಶನಿವಾರ ಬೆಂಗಳೂರಿನವರು ಅಳೆದು, ತಲೆಯಾಡಿಸಿ ಬ್ರಾಕೆಟ್ ಒಯ್ದರು. ಮ್ಯಾನೇಜರ್ ಸರ್ಟಿಫಿಕೇಟ್ ಮುಂದಿಟ್ಟುಕೊಂಡು ಪೆನ್ನು ತೆರೆದವರು, ಕಾಕಾನ ಕಡೆ ನೋಡಿ ಕೇಳಿದರು. “ಹೆಂಗ್ರಿ, ಹುಡುಗಿಗೆ ಕೆಲಸ ಬರತೈತಿ?”

“ಕೆಲಸ ಬರತೈತ್ರಿ,” ಎಂದರು ಕಾಕಾ. “ಬಾಯಿ ಬಿಟ್ಟ ಹೇಳೂದೊಂದ ಕಲೀಬೇಕು. ಅದು ನನಗೂ ಇನ್ನ ಬಂದಿಲ್ರಿ.”

ಮ್ಯಾನೇಜರಿಗೆ ಏನೂ ತಿಳಿಯಲಿಲ್ಲ. ಸಹಿ ಹಾಕಿದರು.