ಬಗ್ಗದ ತಗಡಿನ ಹೊಟ್ಟೆ

ಕಚೇರಿಯಲ್ಲಿ ಅವನನ್ನು ಎಲ್ಲರೂ ಮೂಳೆ ಡಾಕ್ಟರ್ ಎನ್ನುತ್ತಾರೆ. ಅವನು ಮುಟ್ಟುವುದು ಕಂಪ್ಯೂಟರ್ ಕಾರ್ಟೂನ್ ಸಿನಿಮಾಗಳ ರೋಬೋಗಳನ್ನು ಮಾತ್ರ. ಅವುಗಳ ರೂಪ ಬರೆದು, ಒಳಗೆ ಮೂಳೆ, ಕೀಲು ಜೋಡಿಸಿ, ಯಾವ ಗುಂಡಿ ಒತ್ತಿದರೆ ಯಾವ ಕೈ ಏಳಬೇಕೆಂದು ಗೊತ್ತುಮಾಡಿಕೊಡುತ್ತಾನೆ. ಆಮೇಲೆ ಅವನ್ನು ಕುಣಿಸುವವರು ಬೇರೆ. ಹೊಗಳಿಕೆ ಹೋಗುವುದು ಅವರಿಗೆ. ಈ ಅನ್ಯಾಯವನ್ನು ಅವನು ಹದಿನಾರು ವರ್ಷದಿಂದ ಮನಸ್ಸಿನಲ್ಲೇ ಜಗಿಯುತ್ತಿದ್ದಾನೆ.

ಹಾಗಾಗಿ ಈ ಸಲದ ರೋಬೋಗೆ ಯಾರೂ ಮರೆಯದಂಥ ಹೊಟ್ಟೆ ಇಟ್ಟ. ಒಂದೇ ತಗಡು, ಎಲ್ಲೂ ಬೆಸುಗೆಯಿಲ್ಲ, ಎದೆಯಿಂದ ತೊಡೆಯವರೆಗೆ ಕೊಡದ ಹಾಗೆ ಗುಂಡಗೆ. ಎರಡೂ ಕೈ ಚಾಚಿ ನಿಲ್ಲಿಸಿ ಪರದೆಯ ಮೇಲೆ ನಿಧಾನವಾಗಿ ತಿರುಗಿಸಿದಾಗ ಚಪ್ಪಾಳೆ ಬಿತ್ತು. ಬಗ್ಗಿಸಿ ತೋರಿಸು ಎಂದು ಯಾರೂ ಕೇಳಲಿಲ್ಲ. ಅವನೂ ಬಗ್ಗಿಸಿ ನೋಡಿರಲಿಲ್ಲ.

ಕತೆಯಲ್ಲಿ ಒಂದು ಮಗುವಿನ ಬೂಟು ನೆಲಕ್ಕೆ ಬೀಳುತ್ತದೆ, ರೋಬೋ ಅದನ್ನು ಎತ್ತಿಕೊಡಬೇಕು. ಬಗ್ಗಿಸಿದರೆ ಹೊಟ್ಟೆ ತೊಡೆಯೊಳಗೆ ನುಗ್ಗಿ ಹಿಂದುಗಡೆಯಿಂದ ಇಣುಕಿತು. ತಗಡನ್ನು ಕೊಂಚ ಮೆತ್ತಗೆ ಮಾಡಿದ, ಸುಕ್ಕುಸುಕ್ಕಾಯಿತು. ನಿರ್ದೇಶಕಿ ನೋಡಿ, "ಇದು ತಗಡೋ, ಟವೆಲ್ಲೋ?" ಎಂದರು. ಶುಕ್ರವಾರದೊಳಗೆ ಸರಿಹೋಗದಿದ್ದರೆ ಇದನ್ನು ಕೈಬಿಟ್ಟು, ಪಕ್ಕದ ಮೇಜಿನವಳು ಮಾಡಿಟ್ಟ ಸಣಕಲು ರೋಬೋವನ್ನೇ ತೆಗೆದುಕೊಳ್ಳುವುದಾಗಿಯೂ ತಿಳಿಸಿದರು. ಹೊಟ್ಟೆಯನ್ನು ಎರಡು ತುಂಡು ಮಾಡಿದರೆ ಮುಗಿಯಿತಲ್ಲ ಎಂದು ಆ ಪಕ್ಕದ ಮೇಜಿನವಳೇ, ಪಾಪ, ಸೂಚಿಸಿದಳು. ಕಲೆ ಗೊತ್ತಿಲ್ಲದವರ ಮಾತಿಗೆ ಅವನು ಕಿವಿಗೊಡಲಿಲ್ಲ.

ಮೂರು ದಿನ ಅವನು ಕೂತಲ್ಲಿ ಕೂರಲಿಲ್ಲ. ಬಸ್ಸಿನಲ್ಲಿ ಜನ ಚೀಲ ಎತ್ತುವುದನ್ನು ದಿಟ್ಟಿಸಿದ. ಮೆಟ್ಟಿಲ ಮೇಲೆ ಬೂಟಿನ ಲೇಸು ಕಟ್ಟುತ್ತಿದ್ದ ಕಾವಲುಗಾರನಿಗೆ ಎರಡು ಸುತ್ತು ಬಂದು ಬೈಸಿಕೊಂಡ. ಊಟದ ನಡುವೆ ಬೇಕೆಂದೇ ಚಮಚ ಬೀಳಿಸಿ, ಬಗ್ಗಲು ಹೋಗಿ, ತನ್ನ ಹೊಟ್ಟೆಯೂ ಒಂದೇ ತಗಡಿನದೆಂದು ಕಂಡುಕೊಂಡ. ಹೆಂಡತಿ ಚಮಚ ಎತ್ತಿ ಸಿಂಕಿಗೆ ಹಾಕಿದಳು.

ಮಂಡಿನೋವು ತೋರಿಸಿಕೊಳ್ಳಲು ಬಂದು ಅವರ ಮನೆಯಲ್ಲೇ ಉಳಿದಿದ್ದ ಅವನ ಅಕ್ಕ, ಗುರುವಾರ ಬೆಳಿಗ್ಗೆ ಕನ್ನಡಕದ ಡಬ್ಬಿ ಬೀಳಿಸಿದಳು. ಗೋಡೆಗೆ ಒಂದು ಕೈ ಕೊಟ್ಟಳು. ನೋಯುವ ಕಾಲನ್ನು ಪಕ್ಕಕ್ಕೆ ಚಾಚಿದಳು. ಇನ್ನೊಂದು ಮಂಡಿ ಮಾತ್ರ ಮಡಚಿ, ಬೆನ್ನು ಬಗ್ಗಿಸದೆ, ಗೊಣಗುತ್ತ ಲಿಫ್ಟಿನ ಹಾಗೆ ಕೆಳಗಿಳಿದು, ಡಬ್ಬಿ ಹಿಡಿದು ಮೇಲೆ ಬಂದಳು. ಅಕ್ಕನ ಹೊಟ್ಟೆಯೇನು ಚಿಕ್ಕದಲ್ಲ; ಆದರೆ ಯಾವುದಕ್ಕೂ ತಾಗಲಿಲ್ಲ.

"ಅಕ್ಕಾ, ಇನ್ನೊಂದ್ಸಲ ಬೀಳಿಸು."

"ಎತ್ತಿಕೊಡೋದು ಬಿಟ್ಟು ಬಾಯಿ ಬಿಟ್ಕೊಂಡು ನೋಡ್ತಾನೆ. ಮೂಳೆ ಡಾಕ್ಟರಂತೆ. ಯಾವ ಪುಣ್ಯಾತ್ಮ ಇಟ್ಟನೋ ನಿಂಗೆ ಆ ಹೆಸರು!"

ಆದರೂ ಐದು ಸಲ ಇಳಿದು ಹತ್ತಿದಳು, ಅವನು ಮುಂದಿನಿಂದ, ಪಕ್ಕದಿಂದ ಫೋನಿನಲ್ಲಿ ಹಿಡಿದುಕೊಂಡ. ತಿಂಡಿ ಬಿಟ್ಟು ಕಚೇರಿಗೆ ಓಡಿದ.

ಶುಕ್ರವಾರ ರೋಬೋ ಮೇಜಿನ ಅಂಚು ಹಿಡಿದು, ಒಂದು ಕಾಲು ಪಕ್ಕಕ್ಕೆ ಚಾಚಿ, ಇಳಿದು ಬೂಟು ಎತ್ತಿತು. ಕೂತಿದ್ದವರೆಲ್ಲ ನಕ್ಕರು. ನಿರ್ದೇಶಕಿ ಇನ್ನೊಮ್ಮೆ ಹಾಕಿಸಿ ನೋಡಿ, "ಹೊಟ್ಟೆ ಇರಲಿ," ಎಂದರು. ಇದು ತನ್ನ ಹದಿನಾರು ವರ್ಷದ ಅಧ್ಯಯನದ ಫಲವೆಂದು ಅವನು ಗಂಭೀರವಾಗಿ ವಿವರಿಸಿದ. ಅಕ್ಕನ ವಿಷಯ ಅಲ್ಲಿ ಬರಲಿಲ್ಲ.

ಸಂಜೆ ಮನೆಯಲ್ಲಿ ಅಕ್ಕನಿಗೂ ತೋರಿಸಿದ. ಅವಳು ಕನ್ನಡಕ ಏರಿಸಿ ನೋಡಿದಳು.

"ಮಂಡಿ ನಂದೇ. ಆದ್ರೆ ಗೊಣಗೋದು ಎಲ್ಲೋ? ಗೊಣಗದೆ ಆ ಕಾಲು ಏಳಲ್ಲಪ್ಪ."

ರೋಬೋಗೆ ಅವನು ಬಾಯನ್ನೇ ಇಟ್ಟಿರಲಿಲ್ಲ. ಪರದೆ ಆರಿಸಿದ. ಆಮೇಲೆ ಬಾಗಿಲ ಬಳಿ ಹೋಗಿ, ಗೋಡೆಗೆ ಒಂದು ಕೈ ಕೊಟ್ಟು, ಒಂದು ಕಾಲು ಪಕ್ಕಕ್ಕೆ ಚಾಚಿ, ಆಗಷ್ಟೇ ಬಿಚ್ಚಿದ್ದ ಬೂಟನ್ನು ಗೊಣಗುತ್ತ ಎತ್ತಿಕೊಂಡ.