ನೀರಂಚಿಗೆ ಹೊಡೆದ ಗೂಟಗಳು

ನಾನು ಚಿಕ್ಕವಳಿದ್ದಾಗ, ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದ ವರ್ಷ, ನಮ್ಮೂರ ಕೆರೆಯ ಕೆಸರಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಸಿಕ್ಕಿಕೊಂಡಿದ್ದೆ. ಇದನ್ನು, ಮಕ್ಕಳೇ, ನಿಮ್ಮ ಅಮ್ಮನಿಗೂ ನಾನು ಪೂರ್ತಿ ಹೇಳಿಲ್ಲ. ಹೇಳಲು ಹೊರಟರೆ ಇಂದಿಗೂ ಮೀನಖಂಡ ಬಿಗಿಯುತ್ತದೆ. ಆದ್ದರಿಂದ ನಿಧಾನವಾಗಿ, ನಡೆದ ಕ್ರಮದಲ್ಲೇ ಹೇಳುತ್ತೇನೆ. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳುತ್ತೇನೆ.

ನಮ್ಮೂರು ಸೊರಬ ತಾಲ್ಲೂಕಿನ ಕೊನೆಯಲ್ಲಿತ್ತು. ಕೆರೆಯ ಆಚೆ ದಂಡೆ ಶಿಕಾರಿಪುರ ತಾಲ್ಲೂಕಿಗೆ ಸೇರಿತ್ತು. ರಾಜ್ಯ ಒಂದಾಗಿ ಎರಡೋ ಮೂರೋ ವರ್ಷವಾಗಿತ್ತು. ಶಾಲೆಯ ಗೋಡೆಗೆ ಹೊಸ ನಕ್ಷೆ ಬಂದಿತ್ತು. ಶಾಲೆಯೆಂದರೆ ಒಂದೇ ಕೋಣೆ, ನಾಲ್ಕು ಕ್ಲಾಸು, ಒಬ್ಬರೇ ಮೇಷ್ಟ್ರು. ಅವರು ಶಿಕಾರಿಪುರದವರು. ಸೋಮವಾರ ಸೈಕಲ್ಲಿನಲ್ಲಿ ಬಂದರೆ ಶನಿವಾರ ಮಧ್ಯಾಹ್ನ ಹೊರಡುತ್ತಿದ್ದರು.

ಋತುಗಳ ಪಾಠ ಬಂದಾಗ ನಾವು ಆರೂ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದೆವು. ಮೇಷ್ಟ್ರು ಕಣ್ಣುಮುಚ್ಚಿ ಕೇಳಿ, “ಚೆನ್ನಾಗಿ ಹೇಳಿದ್ರಿ. ಗಿಳಿನೂ ಹೇಳತ್ತೆ. ಈಗ ಕೆರೇನ ಕೇಳನ ಬನ್ನಿ” ಎಂದರು. ಮಾರ್ಗಶಿರದ ಮೊದಲ ಸೋಮವಾರ ನಮ್ಮನ್ನೆಲ್ಲ ಕೆರೆಗೆ ಕರೆದೊಯ್ದು, ನೀರು ಎಲ್ಲಿಗೆ ಮುಗಿದಿತ್ತೋ ಸರಿಯಾಗಿ ಅಲ್ಲಿ ಒಂದು ಬಿದಿರಿನ ಗೂಟ ಹೊಡೆಸಿದರು. ಪ್ರತಿ ಸೋಮವಾರ ಹೀಗೆ ನೀರಂಚಿಗೆ ಒಂದು ಗೂಟ ಹೊಡೆಯಬೇಕು, ಹಿಂದಿನ ಗೂಟದಿಂದ ಎಷ್ಟು ಹೆಜ್ಜೆ ಎಂದು ಎಣಿಸಬೇಕು, ಅಷ್ಟು ಉದ್ದದ ಗೆರೆಯನ್ನು ಶಾಲೆಯ ಗೋಡೆಯ ಮೇಲೆ ಎಳೆಯಬೇಕು. ಹೇಮಂತದ ಗೂಟಗಳಿಗೆ ಸುಣ್ಣ, ಶಿಶಿರದವಕ್ಕೆ ಮಸಿ, ವಸಂತಕ್ಕೆ ಕೆಮ್ಮಣ್ಣು.

“ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗತ್ತೆ ಅಂತೀರಲ್ಲ, ಅದು ಓಡಿದ್ದು ಕೆರೆಗೆ ಗೊತ್ತಾಗತ್ತಾ ನೋಡನ” ಎಂದರು ಮೇಷ್ಟ್ರು. ಚಳಿ ಹೋದ ಮೇಲೆ ನೀರು ಬೇಗ ಬೇಗ ಹಿಂದೆ ಸರಿಯಬೇಕು, ಗೋಡೆಯ ಗೆರೆಗಳು ಉದ್ದವಾಗಬೇಕು. ಅದೇ ಪಾಠ.

ಗೂಟದ ಕೆಲಸವನ್ನು ನನಗೆ ಒಪ್ಪಿಸಿದರು. ಕೆರೆಗೆ ಹತ್ತಿರದ ಮನೆ ನಮ್ಮದು. ಅದಲ್ಲದೆ, “ಇವಳು ಕಂಡದ್ದನ್ನ ಕಂಡ ಹಾಗೇ ಹೇಳ್ತಾಳೆ” ಎಂದು ಎಲ್ಲರೆದುರಿಗೆ ಹೇಳಿದರು. ಆ ಮಾತನ್ನು ನಾನು ಮನೆಗೆ ಬಂದು ಅಪ್ಪನಿಗೆ, ಅಕ್ಕನಿಗೆ, ಕೊಟ್ಟಿಗೆಯ ಕರುವಿಗೂ ಹೇಳಿದೆ.

ಮುಂದಿನ ಹನ್ನೊಂದು ವಾರ ಅಕ್ಕ ನನ್ನ ಕೈ ಹಿಡಿದುಕೊಂಡು ಬಂದಳು. ಮೊದಲನೆಯದೂ ಸೇರಿ ಎಂಟು ಬಿಳಿಯ ಗೂಟ, ನಾಲ್ಕು ಕಪ್ಪು ಗೂಟ. ಮೊದಲು ವಾರಕ್ಕೆ ಎರಡು ಮೂರು ಹೆಜ್ಜೆ, ಆಮೇಲೆ ಐದು, ಆರು. ಈ ಹನ್ನೆರಡೂ ನಿಜದ ಗೂಟಗಳು. ಶಿವರಾತ್ರಿ ಕಳೆದ ಮೇಲೆ ಅಕ್ಕ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ಹದಿಮೂರನೆಯ ಗೂಟ ಹಿಡಿದು ನಾನೊಬ್ಬಳೇ ಹೋದೆ.

ಅಲ್ಲಿಂದ ಮುಂದೆ ಕೆರೆಯ ನೆಲ ಬೇರೆಯಾಗಿತ್ತು. ಮೇಲೆ ಒಣಗಿದ ಹಪ್ಪಳದಂಥ ಪದರ, ಅದರಡಿ ಕಪ್ಪು ಹೂಳು. ನಾಲ್ಕು ಹೆಜ್ಜೆ ಇಟ್ಟೆ; ಪದರ ಬಿರಿದು ಹಿಮ್ಮಡಿ ಮುಳುಗಿತು. ನೀರಂಚು ಇನ್ನೂ ದೂರವಿತ್ತು. ನಾನು ಹೆದರಿ ಹಿಂದೆ ಬಂದು, ಗಟ್ಟಿ ನೆಲದಲ್ಲೇ ಗೂಟ ಹೊಡೆದು, ಶಾಲೆಯಲ್ಲಿ “ಆರು ಹೆಜ್ಜೆ” ಎಂದೆ. ಹೋಗಲಾಗಲಿಲ್ಲ ಎಂದು ಹೇಳಬಹುದಿತ್ತು. ಆ ಮಾತು ನನಗೆ ಹೊಳೆಯಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಹೊಳೆದಿತ್ತು. ಕಂಡದ್ದನ್ನು ಕಂಡ ಹಾಗೇ ಹೇಳುವವಳು ನೋಡಿಯೇ ಇಲ್ಲ ಎಂದು ಹೇಗೆ ಹೇಳುವುದು? ಮುಂದಿನ ವಾರ “ಐದು” ಎಂದೆ. ಅದರ ಮುಂದಿನ ವಾರವೂ ಐದು.

ಮೇಷ್ಟ್ರು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಬಿಸಿಲು ಏರುತ್ತಿತ್ತು, ಗೆರೆ ಮಾತ್ರ ಚಿಕ್ಕದಾಗಿತ್ತು. ಅವರು ನನ್ನನ್ನು ಅನುಮಾನಿಸಲಿಲ್ಲ, ಕೆರೆಯನ್ನು ಅನುಮಾನಿಸಿದರು. “ನಮ್ಮ ಕೆರೆ ತಳದಲ್ಲಿ ಎಲ್ಲೋ ಒರತೆ ಇದೆ ಕಣ್ರೋ. ಇಲ್ಲದಿದ್ರೆ ಹೀಗಾಗಲ್ಲ. ಸೋಮವಾರ ಎಲ್ಲರೂ ಹೋಗಿ ಅಳೆಯನ” ಎಂದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅಂದು ಶನಿವಾರ. ನಡುವೆ ಉಳಿದಿದ್ದು ಒಂದೇ ದಿನ.

ಭಾನುವಾರ ಮಧ್ಯಾಹ್ನ, ಬಿಸಿಲಿಗೆ ಹೆದರಿ ಯಾರೂ ಕೆರೆಯತ್ತ ಸುಳಿಯದ ಹೊತ್ತಿನಲ್ಲಿ, ನಾನು ಹೋಗಿ ಮೂರು ಸುಳ್ಳು ಗೂಟಗಳನ್ನೂ ಕಿತ್ತೆ. ಸರಿಯಾದ ಜಾಗಕ್ಕೆ ಹೊಡೆಯುವುದು ನನ್ನ ಯೋಚನೆ. ಮೂರು ವಾರದ ಬಿಸಿಲಿಗೆ ಮೊದಲಿನ ಕೆಸರು ಗಟ್ಟಿಯಾಗಿತ್ತು; ಒಂದನ್ನು ಹನ್ನೆರಡನೆಯ ಗೂಟದಿಂದ ಅಂದಾಜಿನಲ್ಲಿ ಹದಿನೈದು ಹೆಜ್ಜೆಗೆ ಹೊಡೆದೆ. ಅಲ್ಲಿಂದ ಮುಂದಕ್ಕೆ ಎಮ್ಮೆಗಳು ನೀರಿಗೆ ಇಳಿದ ದಾರಿ ಕಾಣುತ್ತಿತ್ತು. ಗೊರಸಿನ ಗುರುತುಗಳ ಅಂಚು ಬಿಸಿಲಿಗೆ ಒಣಗಿ ಮಡಕೆಯ ಬಾಯಿಯಂತೆ ಗಟ್ಟಿಯಾಗಿತ್ತು. ಎಮ್ಮೆಯನ್ನು ಹೊತ್ತ ನೆಲ ನನ್ನನ್ನು ಹೊರದೇ ಎಂದು ನಾನು ಆ ದಾರಿ ಹಿಡಿದೆ.

ಇಪ್ಪತ್ತು ಹೆಜ್ಜೆ ಸರಿಯಾಗಿ ಹೋದೆ. ಇಪ್ಪತ್ತೊಂದನೆಯದಕ್ಕೆ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಅದನ್ನು ಎಳೆಯಲು ಎಡಗಾಲನ್ನು ಊರಿದೆ, ಅದೂ ಇಳಿಯಿತು. ಮೇಲೆ ಬಿಸಿಲು ಸುಡುತ್ತಿತ್ತು, ಕಾಲಿನ ಸುತ್ತ ಹೂಳು ಬಾವಿಯ ನೀರಿನಷ್ಟು ತಣ್ಣಗಿತ್ತು. ನಾನು ಒದ್ದಾಡಿದೆ. ಒಂದೊಂದು ಸಲ ಒದ್ದಾಡಿದಾಗಲೂ ಒಂದೊಂದು ಬೆರಳು ಒಳಗೆ ಹೋದೆ. ಸೊಂಟದವರೆಗೆ ಹೂತಿದ್ದಳು ಎಂದು ಊರವರು ಆಮೇಲೆ ಹೇಳುತ್ತಿದ್ದರು. ಅಷ್ಟಿರಲಿಲ್ಲ. ತೊಡೆಯ ಅರ್ಧಕ್ಕೆ ನಿಂತಿತ್ತು.

ಕೂಗಿದೆ. ಕೆರೆ ದೊಡ್ಡದು, ಕೂಗು ಎಲ್ಲಿಗೂ ತಲುಪಿದಂತೆ ಕಾಣಲಿಲ್ಲ. ಉಳಿದಿದ್ದ ಎರಡು ಗೂಟಗಳಲ್ಲಿ ಒಂದು ಎಲ್ಲೋ ಬಿದ್ದಿತ್ತು. ಇನ್ನೊಂದನ್ನು ಪಕ್ಕದ ಕೆಸರಿಗೆ ಚುಚ್ಚಿ ಹಿಡಿದುಕೊಂಡೆ. ಅದರ ನೆರಳು ಆಗ ಒಂದು ಗೇಣಿತ್ತು. ಸ್ವಲ್ಪ ದೂರದಲ್ಲಿ ಒಂದು ಬೆಳ್ಳಕ್ಕಿ ಅದೇ ಕೆಸರಿನ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ, ಬಸವನಹುಳು ಹೆಕ್ಕುತ್ತ ಓಡಾಡುತ್ತಿತ್ತು. ಅದನ್ನು ನೋಡುತ್ತ ನನಗೆ ಅಳು ಬಂತು. ಎಷ್ಟು ಹೊತ್ತು ಅತ್ತೆನೋ ನೆನಪಿಲ್ಲ. ನೆರಳು ಎರಡು ಗೇಣಾದಾಗ ಆಚೆ ದಂಡೆಯ ಕಡೆಯಿಂದ ಎಮ್ಮೆ ಕಾಯುವ ಮುದುಕಿಯೊಬ್ಬಳು ಬಂದಳು.

“ಯಾರದಬೇ ಅದು, ನೆಟ್ಟ ಬೊಂಬಿ ನಿಂತಂಗ ನಿಂತೈತಿ?” ಎಂದಳು. ನಾನು ಅವಳತ್ತ ತಿರುಗಲು ಹೋದೆ.

“ಮಿಸುಕಬ್ಯಾಡ. ಮಿಸುಕಿದಷ್ಟೂ ಕೆರಿ ಎಳೀತೈತಿ. ಹಿಂದಕ ವಾಲು. ಲಂಗ ಹರವಿಕೊಂಡು ಅದರ ಮ್ಯಾಲೆ ಕುಂದ್ರು. ಹಾಂ, ಹಂಗ.”

ಹಾಗೆ ಕುಳಿತೆ. ಇಳಿಯುವುದು ನಿಂತಿತು. ಮುದುಕಿ ಗಟ್ಟಿ ನೆಲ ಎಲ್ಲಿಗೆ ಮುಗಿಯುತ್ತದೋ ಕೋಲಿನಿಂದ ಕುಟ್ಟಿ ಕುಟ್ಟಿ ನೋಡಿ, ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತಳು. ನನ್ನ ಹತ್ತಿರ ಬರಲಿಲ್ಲ.

“ಎಮ್ಮೆ ಹೋದ ದಾರೀಲೇ ಬಂದೆ” ಎಂದೆ.

“ಎಮ್ಮಿಗೆ ನಾಕು ಕಾಲದಾವ, ಒಂದು ಸಿಕ್ಕರ ಮೂರು ಎಳೀತಾವ. ನಿನಗೆಷ್ಟದಾವ?” ಎಂದಳು. “ಯಾಕ ಬಂದಿದ್ದಿ?”

ಗೂಟಗಳ ವಿಷಯ ಹೇಳಿದೆ. ಅವಳಿಗೆ ನಗು ಬಂತು. “ಬ್ಯಾಸಿಗಿ ಬಂದದ್ದು ತಿಳಿಯಾಕ ಗೂಟ ಬೇಕೇನು? ನನ್ನ ಎಮ್ಮಿ ಕೇಳಿದ್ರ ಹೇಳ್ತಿದ್ವು. ಶಿವರಾತ್ರಿ ಆಗಿದ್ದ ತಡ, ಹೊತ್ತು ಏರೂದ್ರಾಗ ನೀರಿಗೆ ಬೀಳಾಕ ಹತ್ಯಾವ.” ಆಮೇಲೆ ಕೇಳಿದಳು, “ಭಾನುವಾರ ಸಾಲಿ ಇಲ್ಲ. ಇವತ್ತ್ಯಾಕ ಗೂಟ?”

ಕೆಸರಿನಲ್ಲಿ ಕುಳಿತು ನಾನು ಮೊದಲ ಸಲ ನಿಜ ಹೇಳಿದೆ. ಮೂರು ಸುಳ್ಳು ಗೂಟ, ಗೋಡೆಯ ಗೆರೆ, ಒರತೆ, ನಾಳೆಯ ಸೋಮವಾರ. ಅವಳು ಎಲೆಯಡಿಕೆಯನ್ನು ನಿಧಾನವಾಗಿ ಅಗಿದಳು.

“ಸುಳ್ಳಿನ ಗೂಟ ಕಿತ್ತಿ. ಅದು ಬರೋಬರಿ. ಮತ್ತ ಹೊಡೀತೀನಿ ಅಂದ್ಯಲ್ಲ, ಅವತ್ತಿನ ನೀರು ಎಲ್ಲಿತ್ತು ನಿನಗ ಗೊತ್ತೈತೇನು?”

“ಇಲ್ಲ.”

“ಮತ್ತ?”

ಆ ಮೂರು ಸೋಮವಾರಗಳ ನೀರು ಎಲ್ಲಿಗೆ ಮುಗಿದಿತ್ತು ಎಂಬುದು ಈಗ ಯಾರಿಗೂ ಗೊತ್ತಿಲ್ಲ, ಕೆರೆಗೂ ಗೊತ್ತಿಲ್ಲ ಎಂದು ತಿಳಿದಾಗ, ಕಾಲು ಸಿಕ್ಕಿದ್ದಕ್ಕಿಂತ ಹೆಚ್ಚು ಭಯವಾಯಿತು.

ನನ್ನನ್ನು ಹುಡುಕುತ್ತ ಅಕ್ಕ ತಮ್ಮನನ್ನು ಎತ್ತಿಕೊಂಡು ಕೆರೆ ಏರಿಯ ಮೇಲೆ ಕಾಣಿಸಿಕೊಂಡಳು. “ಎಂತ ಮಾಡ್ಕಂಡೆ ಮಾರಾಯ್ತಿ” ಎಂದು ಕೆಳಗಿಳಿದು ಓಡಿ ಬರಲು ಹೊರಟವಳನ್ನು ಮುದುಕಿ ಕೋಲು ಎತ್ತಿ ತಡೆದಳು. “ನೀನೂ ಒಬ್ಬಾಕಿ ಹೂತರ ಕೂಸಿನ್ನ ಯಾರು ಹಿಡೀಬೇಕು? ಹೋಗು, ಅಪ್ಪಗ ಹೇಳು, ಕೊರಡು ತಗೊಂಡು ಬಾ ಅನ್ನು. ಹಗ್ಗ ಅಲ್ಲ, ಕೊರಡು.”

ಕೊರಡು ಎಂದರೆ ನಾಟಿಗೆ ಮೊದಲು ಕೆಸರುಗದ್ದೆಯನ್ನು ಸಮ ಮಾಡಲು ಎತ್ತಿಗೆ ಕಟ್ಟಿ ಎಳೆಯುವ ಉದ್ದನೆಯ ಮರದ ಹಲಗೆ. ಎಂಥ ಕೆಸರಿನಲ್ಲೂ ಅದು ಮುಳುಗುವುದಿಲ್ಲ, ಜಾರುತ್ತದೆ. ಅಪ್ಪ ಅದನ್ನು ಹೆಗಲ ಮೇಲಿಟ್ಟುಕೊಂಡು ಬಂದರು. ಕೆಸರಿನ ಮೇಲೆ ಹಾಸಿ, ಅದರ ಮೇಲೆ ಬೋರಲು ಮಲಗಿ, ಕೈಯಿಂದ ತಳ್ಳಿಕೊಳ್ಳುತ್ತ ನನ್ನ ಹತ್ತಿರ ಬಂದರು. ನನ್ನನ್ನು ಎಳೆಯಲಿಲ್ಲ. ಮೊದಲು ಬಲಗಾಲಿನ ಸುತ್ತ ಹೂಳನ್ನು ಬೊಗಸೆ ಬೊಗಸೆಯಾಗಿ ತೋಡಿದರು. ಗಾಳಿ ಒಳಹೋದಾಗ ಕೆಸರು ಒಂದು ದೊಡ್ಡ ಸದ್ದು ಮಾಡಿ ಕಾಲನ್ನು ಬಿಟ್ಟಿತು. ಆ ಸದ್ದು ಈಗಲೂ ನನಗೆ ಕೇಳಿಸುತ್ತದೆ. ಆಮೇಲೆ ಎಡಗಾಲು. ನನ್ನನ್ನು ಕೊರಡಿನ ಮೇಲೆ ಎಳೆದುಕೊಂಡು, ಹಾಗೇ ತಳ್ಳಿಕೊಳ್ಳುತ್ತ ಹಿಂದಕ್ಕೆ ಬಂದರು.

ದಂಡೆಗೆ ಬಂದ ಮೇಲೆ, “ಎಂತಕ್ಕೆ ಹೋಗಿದ್ದೆ?” ಎಂದರು.

“ಗೂಟ ಹೊಡಿಯಕ್ಕೆ.”

ಅಪ್ಪ ಮುದುಕಿಯ ಕಡೆ ನೋಡಿದರು. ಅವಳು, “ನನಗೇನು ಗೊತ್ತು, ನಾ ಎಮ್ಮಿ ಕಾಯಾಕಿ” ಎಂದು ಎದ್ದು ಹೋದಳು.

ಮರುದಿನದ ಹೊತ್ತಿಗೆ ಸುದ್ದಿ ಬೇರೆಯಾಗಿತ್ತು. ಮೇಷ್ಟ್ರು ನನ್ನನ್ನು ಎದುರಿಗೆ ನಿಲ್ಲಿಸಿ, ಹೆಗಲ ಮೇಲೆ ಕೈಯಿಟ್ಟು, “ಜೀವದ ಹಂಗೂ ಇಲ್ಲದೆ ಗೂಟ ಹೊಡಿಯಕ್ಕೆ ಹೋದ ಹುಡುಗಿ ಇವಳು” ಎಂದರು. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಾಲು ಅಲುಗಿಸಲು ಆಗದೆ ನಾನು ಮತ್ತೆ ಅದೇ ಕೆಸರಿನಲ್ಲಿ ನಿಂತಿದ್ದೆ, ಈ ಸಲ ಕತ್ತಿನವರೆಗೆ. ಸುಮ್ಮನಿದ್ದರೆ ಸಾಕಿತ್ತು. ಕಿತ್ತ ಗೂಟಗಳು ಕೆಸರಿನಲ್ಲಿ ಕಳೆದವು ಎಂದು ಎಲ್ಲರೂ ನಂಬುತ್ತಿದ್ದರು. ಗೋಡೆಯ ಆ ಮೂರು ಗೆರೆಗಳು ಹಾಗೇ ಉಳಿಯುತ್ತಿದ್ದವು, ಒರತೆಯೂ ಉಳಿಯುತ್ತಿತ್ತು.

“ಮೇಷ್ಟ್ರೇ, ಆ ಮೂರು ಗೆರೆ ನಾನು ನೋಡಿಲ್ಲ” ಎಂದೆ. ಎರಡು ಸಲ ಹೇಳಬೇಕಾಯಿತು.

ಅವರ ಕೈ ಹೆಗಲಿಂದ ಜಾರಿತು. ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅವರು ಒದ್ದೆ ಬಟ್ಟೆಯಿಂದ ಗೋಡೆಯ ಮೂರು ಗೆರೆಗಳನ್ನು ಒರೆಸುತ್ತಿದ್ದರು. ಅಲ್ಲಿ ಬೇರೆ ಏನನ್ನೂ ಬರೆಯಲಿಲ್ಲ, ಮೂರು ವಾರದ ಜಾಗ ಖಾಲಿ ಬಿಟ್ಟರು. “ಕೆಸರು ಎಲ್ಲಿದೆ ಅಂತ ನೋಡದೆ ಮಗೂನ ಕಳಿಸಿದ್ದು ನಂದೂ ತಪ್ಪೇ” ಎಂದರು. ಅಂದಿನಿಂದ ಗೂಟ ನಿಂತಿತು. ಎಲ್ಲರೂ ಏರಿಯ ಮೇಲೆ ಸಾಲಾಗಿ ನಿಂತು, ಗದ್ದೆಗೆ ನೀರು ಬಿಡುವ ತೂಬಿನ ಕಲ್ಲುಕಂಬ ನೀರಿನಿಂದ ಎಷ್ಟು ಮೇಲೆ ಕಾಣುತ್ತದೆ ಎಂದು ನೋಡಿ ಬರೆದೆವು. ಕಂಬ ವಾರವಾರಕ್ಕೂ ಬೇಗ ಬೇಗ ಎದ್ದು ನಿಂತಿತು. ಒರತೆ ಇರಲಿಲ್ಲ.

ಆ ಖಾಲಿ ಜಾಗವನ್ನು ಇಡೀ ಬೇಸಿಗೆ ನಾನು ದಿನವೂ ನೋಡಿದೆ. ಯಾರಾದರೂ ಹೊಸಬರು ಬಂದು “ಇಲ್ಲೇನಾಯ್ತು?” ಎಂದರೆ, ಮಕ್ಕಳು ಒಟ್ಟಿಗೆ “ಅವತ್ತು ನೋಡಿಲ್ಲ” ಎನ್ನುತ್ತಿದ್ದರು. ಮೊದಮೊದಲು ನನ್ನನ್ನು ಚುಚ್ಚಲು ಹೇಳುತ್ತಿದ್ದರು. ಮಳೆಗಾಲದ ಹೊತ್ತಿಗೆ ಅದು ಬರೀ ಉತ್ತರವಾಗಿತ್ತು.

ನಿಮ್ಮ ಶಾಲೆಯಲ್ಲಿ ಕೆಸರಿಲ್ಲ, ಅದಕ್ಕೆ ನನಗೆ ಸಮಾಧಾನವಿದೆ. ನಿಮ್ಮ ಮಿಸ್ ಕೊಟ್ಟ ಹಾಳೆಯಲ್ಲಿ ದಿನಕ್ಕೊಂದು ಚೌಕ, ಅಂಟಿಸಲು ಹಳದಿ ಸೂರ್ಯ, ಹತ್ತಿಯ ಮೋಡ, ನೀಲಿ ಕೊಡೆ. ಬೆಳಗ್ಗೆ ಕಿಟಕಿಯಲ್ಲಿ ಇಣುಕಿ ಅಂಟಿಸಿದರೆ ಪಾಠ ಮುಗಿಯಿತು. ಮೊನ್ನೆ ಜ್ವರ ಬಂದು ಪುಟ್ಟಿ ಎರಡು ದಿನ ಪರದೆ ಎಳೆದು ಮಲಗಿದ್ದಳು. ಇವತ್ತು ಎದ್ದು ಕುಳಿತು, “ಅಜ್ಜಿ, ಈ ಎರಡು ಚೌಕಕ್ಕೆ ಏನು ಅಂಟಿಸಲಿ? ಅಣ್ಣ ಫೋನಿನಲ್ಲಿ ನೋಡಿ ಹೇಳ್ತಾನಂತೆ” ಎಂದಳು. ಫೋನು ಸರಿಯಾಗಿಯೇ ಹೇಳಬಹುದು. ಆದರೆ ಪುಟ್ಟಿ, ಆ ಎರಡು ದಿನದ ಆಕಾಶವನ್ನು ನೀನು ನೋಡಿಲ್ಲ. ಆ ಚೌಕಗಳು ಖಾಲಿಯೇ ಇರಲಿ. ಮಿಸ್ ಕೇಳಿದರೆ, ಅವತ್ತು ನೋಡಿಲ್ಲ ಎನ್ನು. ಅಷ್ಟು ಚಿಕ್ಕ ಮಾತು ನನ್ನ ಬಾಯಿಗೆ ಬರಲು ತೊಡೆಯವರೆಗೆ ಕೆಸರು ಬೇಕಾಯಿತು.